ಅಟ್ಟದ ಮೇಲೆ ನಾಲ್ಕು ಡಬ್ಬ ಇದೆ ಸಾರ್: ಟ್ರಾಯ್ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ದೇಶದ ಫೋನು, ಕೇಬಲ್ ಟಿವಿಗೆ ನಿಯಮ ಮಾಡೋ ಟ್ರಾಯ್ (ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಅಧ್ಯಕ್ಷರಿಗೆ, ದೆಹಲಿಯ ವಾರ್ತಾ ಮತ್ತು ಪ್ರಸಾರ ಸಚಿವಾಲಯದೋರಿಗೆ, ಹಂಗೇ ಈ ತಿಂಗಳೋ ಮುಂದಿನ ತಿಂಗಳೋ ಮನೆಗೆ ಹೊಸ ಕೇಬಲ್ ಬಾಕ್ಸ್ ಹಾಕಿಸ್ಕೋಬೇಕು ಅಂತಿರೋ ಎಲ್ಲರಿಗೂ,

ನಮಸ್ಕಾರ. ದುಡ್ಡು ಕೊಟ್ಟು ತಂದ ಬಾಕ್ಸ್ ಕಂಪನಿ ಬದಲಾದ್ರೆ ಕೆಲಸಕ್ಕೆ ಬರಲ್ವಲ್ಲ, ಅದ್ರ ಬಗ್ಗೆ ಈ ಪತ್ರ.

ನಾನು ಮೈಸೂರಿನ ಚಾಮುಂಡಿಪುರಂನೋನು. 22 ವರ್ಷ ಟಿವಿ ರಿಪೇರಿ ಅಂಗಡಿ ಇಟ್ಕೊಂಡಿದ್ದೆ, ಪಿಕ್ಚರ್ ಟ್ಯೂಬ್ ಕಾಲದಿಂದ. ಎಲ್‌ಇಡಿ ಬಂದ್ಮೇಲೆ ನನ್ನ ಕೆಲಸ ಏನಾಯ್ತು ಅಂದ್ರೆ ಬಂದೋರಿಗೆಲ್ಲ ಪ್ಯಾನೆಲ್ ಹೋಗಿದೆ ಹೊಸದೇ ತಗೊಳ್ಳಿ ಅಂತ ಹೇಳೋದು, ಅದನ್ನ ಹೇಳೋಕೆ ಅಂಗಡಿ ಬಾಡಿಗೆ ಯಾಕೆ ಕಟ್ಬೇಕು ಅಂತ ಮುಚ್ಚಿದೆ. ಈಗ ಒಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡೀಲಿ ಕೂತ್ಕೋತೀನಿ. ಇದ್ಯಾಕೆ ಹೇಳ್ದೆ ಅಂದ್ರೆ ಮುಂದೆ ಬರೆಯೋದನ್ನ ಯಾರೋ ಏನೂ ಗೊತ್ತಿಲ್ದೆ ಕೂಗಾಡ್ತಿದಾನೆ ಅಂದ್ಕೋಬೇಡಿ ಅಂತ. ಸೋಲ್ಡರಿಂಗ್ ಐರನ್ನು ಮಲ್ಟಿಮೀಟರು ಇನ್ನೂ ಮನೇಲಿದೆ.

ಒಬ್ಬೊಬ್ಬ ಗ್ರಾಹಕರ ದೂರು ನಾವು ವಿಚಾರಣೆ ಮಾಡಲ್ಲ, ಕಂಪನಿಗೇ ಕಳಿಸ್ತೀವಿ ಅಂತ ನೀವು ಹೇಳ್ತೀರ, ಗೊತ್ತು. ಅದಕ್ಕೇ ದೂರು ಕೊಡ್ತಿಲ್ಲ, ಕಂಪನಿ ಹೆಸರೂ ಹಾಕ್ತಿಲ್ಲ. ಹೆಸರು ಹಾಕಿದ್ರೆ ಆ ಕಂಪನಿಯೋರು ಫೋನ್ ಮಾಡಿ ಸಾರ್ ನಿಮ್ದು ಸರಿ ಮಾಡ್ಕೊಡ್ತೀವಿ ಅಂತಾರೆ, ನನ್ನೊಬ್ಬಂದು ಸರಿಯಾಗತ್ತೆ, ಪಕ್ಕದ ಮನೇದು ಹಂಗೇ ಇರತ್ತೆ.

ವಿಷಯಕ್ಕೆ ಬರ್ತೀನಿ. ಹೋದ ತಿಂಗಳು ನಮ್ಮ ಕೇಬಲ್ ಬಾಕ್ಸ್ ಕೆಟ್ಟೋಯ್ತು. ಕೆಂಪು ಲೈಟು ಮಿಣಕ್ ಮಿಣಕ್ ಅಂತಿತ್ತು, ಆನ್ ಆಗ್ತಿರ್ಲಿಲ್ಲ. ನಾನು ಕೆಲಸಕ್ಕೆ ಹೋಗಿದ್ದೆ, ಅಮ್ಮ ಕೇಬಲ್ ಹುಡುಗನಿಗೆ ಫೋನ್ ಮಾಡಿದಾರೆ, ಪಾಪ ಅವನೂ ಅರ್ಧ ಗಂಟೇಲಿ ಬಂದಿದಾನೆ. ನೋಡಿ, 'ಅಮ್ಮಾ ಇದು ಡೆಡ್ಡು, ಈ ಮಾಡೆಲ್ಲೇ ಈಗ ಬರಲ್ಲ, ಹೊಸ ಎಚ್‌ಡಿ ಬಾಕ್ಸ್ ಹಾಕ್ಬಿಡ್ತೀನಿ, 1,800 ಆಗತ್ತೆ, ಅಣ್ಣನ ಹತ್ರ ಆಮೇಲೆ ಇಸ್ಕೋತೀನಿ' ಅಂತ ಹೇಳಿ ಹಾಕೇ ಬಿಟ್ಟ. ಸಂಜೆ ನಾನು ಬರೋ ಹೊತ್ತಿಗೆ ಅಮ್ಮ ಹೊಸ ರಿಮೋಟ್ ಹಿಡ್ಕೊಂಡು ಕೂತಿದ್ರು, ಮುಖ ಸಪ್ಪಗಿತ್ತು. ಅದ್ಯಾಕೆ ಅಂತ ಆಮೇಲೆ ಹೇಳ್ತೀನಿ.

ಊಟ ಆದ್ಮೇಲೆ ಹಳೇ ಬಾಕ್ಸ್ ತಗೊಂಡು ಬಿಚ್ಚಿದೆ. ನಾಲ್ಕು ಸ್ಕ್ರೂ, ಅದ್ರಲ್ಲೊಂದರ ಮೇಲೆ ಸೀಲ್ ಸ್ಟಿಕರ್ರು. ಒಳಗೆ ನೋಡಿದ್ರೆ ಧೂಳು, ಒಂದು ಸತ್ತ ಜಿರಲೆ, ಮತ್ತೆ ಪವರ್ ಬರೋ ಜಾಗದಲ್ಲಿ ಒಂದು ಕೆಪಾಸಿಟರ್ ತಲೆ ಉಬ್ಬಿಸ್ಕೊಂಡು ನಿಂತಿತ್ತು, ಪೂರಿ ಉಬ್ಬಿದಂಗೆ. 1000 ಮೈಕ್ರೋಫ್ಯಾರಡ್, 10 ವೋಲ್ಟ್. ರಿಪೇರಿ ಮಾಡೋರಿಗೆ ಇದು ಹಳೇ ಪರಿಚಯ. ಬಾಕ್ಸ್ ಇಡೀ ದಿನ ಬಿಸಿಯಾಗೇ ಇರತ್ತೆ, ನಾವು ರಿಮೋಟಲ್ಲಿ ಆಫ್ ಮಾಡಿದ್ರೂ ಒಳಗೆ ಪೂರ್ತಿ ಆಫ್ ಆಗಲ್ಲ, ಆ ಶಾಖಕ್ಕೆ ಕೆಪಾಸಿಟರ್ ಒಳಗಿನ ದ್ರವ ಒಣಗಿ ಉಬ್ಕೊಳತ್ತೆ, ಆಮೇಲೆ ಬಾಕ್ಸ್‌ಗೆ ಸರಿಯಾಗಿ ವೋಲ್ಟೇಜ್ ಸಿಗಲ್ಲ, ಮಿಣಕ್ ಮಿಣಕ್ ಅಂತ ಕೂರತ್ತೆ. ಬೆಂಗಳೂರಿನ ಎಸ್‌ಪಿ ರೋಡಿಂದ ಪಾರ್ಟ್ಸ್ ತರಿಸ್ತಿದ್ದ ಕಾಲದ್ದು ಒಂದು ಡಬ್ಬಿ ತುಂಬ ಮಾಲು ಇನ್ನೂ ಇದೆ, ಅದ್ರಲ್ಲಿ 16 ವೋಲ್ಟಿಂದು ಒಂದು ಹುಡುಕಿ ಹಾಕಿದೆ. ಹೊಸದಾಗಿ ತಂದ್ರೂ ಹತ್ತು ರೂಪಾಯಿ ಮಾಲು ಸಾರ್. ಪ್ಲಗ್ ಹಾಕಿದ ತಕ್ಷಣ ಹಸಿರು ಲೈಟು, ಸ್ಕ್ರೀನ್ ಮೇಲೆ ಕಂಪನಿ ಲೋಗೋ, ಚಾನೆಲ್ ಎಲ್ಲಾ ಹುಡುಕ್ಕೊಂಡು ಬಂತು. ನಂಗಂತೂ ಖುಷಿಯಾಗೋಯ್ತು, ಎಷ್ಟೋ ವರ್ಷ ಆದ್ಮೇಲೆ ಒಂದು ರಿಪೇರಿ. ಆಮೇಲೆ ಬಂತು ನೋಡಿ ಸಂದೇಶ, ಈ ಕಾರ್ಡಿಗೆ ಅನುಮತಿ ಇಲ್ಲ, ನಿಮ್ಮ ಆಪರೇಟರನ್ನ ಸಂಪರ್ಕಿಸಿ ಅಂತ.

ಬೆಳಿಗ್ಗೆ ಹುಡುಗನಿಗೆ ಫೋನ್ ಮಾಡಿದೆ. 'ಅಣ್ಣ, ಅದನ್ನ ಸಿಸ್ಟಂನಲ್ಲಿ ಡೆಡ್ ಅಂತ ಹಾಕಾಯ್ತು, ಇನ್ನು ಆಗಲ್ಲ' ಅಂದ. ಬದುಕಿದೆ ಕಣಪ್ಪ, ನನ್ನ ಮುಂದೇನೇ ಲೈಟ್ ಉರೀತಿದೆ ಅಂದೆ. 'ಇಲ್ಲಣ್ಣ, ಅದು ಮೇಲ್ಗಡೆಯೋರ ಸಿಸ್ಟಂ, ನನ್ನ ಕೈಲಿಲ್ಲ' ಅಂದ. ಅವನ ಮಾತೂ ನಿಜವೇ. ಅವನು ಬೈಕಲ್ಲಿ ಓಡಾಡೋ ಹುಡುಗ, ಬೈಸ್ಕೊಳ್ಳೋನೂ ಅವನೇ.

ಆ ಬಾಕ್ಸ್‌ನ ಅಟ್ಟದ ಮೇಲೆ ಇಡೋಕೆ ಹೋದೆ. ಅಲ್ಲಿ ಆಗ್ಲೇ ಮೂರು ಇತ್ತು.

ಮೊದಲನೇದು 2013ರದ್ದು. 2011ರ ಕೊನೇಲಿ ಪಾರ್ಲಿಮೆಂಟಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ಆಗಿ ದೇಶದ ಕೇಬಲ್ಲೆಲ್ಲ ಡಿಜಿಟಲ್ ಆಗ್ಬೇಕು ಅಂತಾಯ್ತಲ್ಲ, ಎರಡನೇ ಹಂತದ 38 ಊರುಗಳಲ್ಲಿ ಬೆಂಗಳೂರಿನ ಜೊತೆ ನಮ್ಮ ಮೈಸೂರೂ ಇತ್ತು, 2013ರ ಮಾರ್ಚ್ 31 ಕೊನೇ ದಿನ. ಆಗ ಬಾಕ್ಸಿಗೋಸ್ಕರ ಜನ ನನ್ನ ಅಂಗಡಿಗೂ ಬಂದು ಕೇಳೋರು, ನಿಮ್ಮ ಹತ್ರ ಇದ್ಯಾ ಅಂತ. ಅಲ್ಲೀತನಕ ಏನಿತ್ತು ಹೇಳಿ, ಗೋಡೆಯಿಂದ ಒಂದು ವೈರು ಬರೋದು, ಟಿವಿ ಹಿಂದೆ ಚುಚ್ಚಿದ್ರೆ ಮುಗೀತು. ಸ್ಪ್ಲಿಟರ್ ಹಾಕಿದ್ರೆ ಅಡುಗೆ ಮನೇಲೂ ಒಂದು, ರೂಮಲ್ಲೂ ಒಂದು, ಕೇಳೋರಿಲ್ಲ. ಡಿಜಿಟಲ್ ಆದ್ಮೇಲೆ ಒಂದೊಂದು ಟಿವಿಗೂ ಒಂದೊಂದು ಡಬ್ಬ. 1,200 ಕೊಟ್ಟು ತಗೊಂಡ್ವಿ. ರಸೀದಿ ಅಂತ ಕೊಟ್ಟಿದ್ದು ತಿಂಗಳ ದುಡ್ಡಿನ ನೋಟ್‌ಬುಕ್ಕಿಂದ ಹರಿದ ಚೀಟಿ, ಅದ್ರಲ್ಲಿ 'ಬಾಕ್ಸ್ 1200' ಅಂತ ಪೆನ್ನಲ್ಲಿ ಬರೆದು ಒಂದು ಗೀಟು ಎಳೆದಿದ್ರು.

ಎರಡನೇದು 2017ರದ್ದು, ಇದು ತಮಾಷೆಯಾಗಿದೆ. ಮೊದಲನೇ ಬಾಕ್ಸ್ ಚೆನ್ನಾಗೇ ಓಡ್ತಿತ್ತು. ಆದ್ರೆ ನಮ್ಮ ಬೀದಿ ಕೇಬಲ್‌ನೋರಿಗೂ ಅವರಿಗೆ ಸಿಗ್ನಲ್ ಕೊಡೋ ಮೇಲಿನ ಕಂಪನಿಗೂ ಲೆಕ್ಕಾಚಾರದಲ್ಲಿ ಜಗಳ ಆಯ್ತು, ಬೀದಿಯೋರು ಬೇರೆ ಕಂಪನಿ ಕಡೆ ಹೋದ್ರು. ಒಂದೇ ವಾರದಲ್ಲಿ ಇಡೀ ಬೀದಿ ಬಾಕ್ಸ್ ಬದಲಾಯಿಸಿದ್ರು, ಮನೆಗೆ 500 ರೂಪಾಯಿ. ಜಗಳ ಅವರಿಬ್ಬರದ್ದು, 500 ನಮ್ದು. ಅವತ್ತು ಬೀದೀಲಿ ಎಷ್ಟು ಡಬ್ಬ ಕಸಕ್ಕೆ ಹೋಯ್ತೋ, ಎಲ್ಲಾ ನೆಟ್ಟಗಿರೋವು.

ಮೂರನೇದು 2019ರದ್ದು. ಆ ವರ್ಷ ಫೆಬ್ರವರಿ 1ರಿಂದ ನಿಮ್ಮ ಹೊಸ ದರ ಪದ್ಧತಿ ಬಂತು, ಬೇಕಾದ ಚಾನೆಲ್ಲಿಗೆ ಮಾತ್ರ ದುಡ್ಡು ಕೊಡಿ ಅಂತ, 100 ಚಾನೆಲ್ಲಿಗೆ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ, ಮೇಲೆ ಪೇ ಚಾನೆಲ್ ದುಡ್ಡು ಬೇರೆ. ನಮ್ಮ ಬಿಲ್ ಕಮ್ಮಿ ಆಗತ್ತೆ ಅಂದ್ಕೊಂಡೆ, ಜಾಸ್ತಿ ಆಯ್ತು. ಸಿಟ್ಟು ಬಂದು ಡಿಶ್ ಹಾಕಿಸ್ದೆ. ಅದು ಮಳೆಗಾಲದ ತನಕ ಚೆನ್ನಾಗಿತ್ತು. ಜೋರು ಮಳೆ ಬಂದ್ರೆ ಡಿಶ್ಶಿನ ಸಿಗ್ನಲ್ ನೀರಲ್ಲೇ ಕರಗೋಗತ್ತೆ, ಚಿತ್ರ ಚೌಕ ಚೌಕ ಆಗಿ ನಿಲ್ಲತ್ತೆ, ಅದು ಯಾವ ಕಂಪನಿ ಡಿಶ್ಶಿಗೂ ತಪ್ಪಿದ್ದಲ್ಲ. ಅಮ್ಮನಿಗೆ ಸರಿಯಾಗಿ ಧಾರಾವಾಹಿ ಹೊತ್ತಿಗೇ ಮಳೆ. ಎರಡು ವರ್ಷಕ್ಕೆ ಸಾಕಾಯ್ತು, ವಾಪಸ್ ಕೇಬಲ್ಲಿಗೆ ಬಂದೆ. ಬರುವಾಗ ನನ್ನ 2017ರ ಬಾಕ್ಸ್ ಇದ್ಯಲ್ಲ ಅದನ್ನೇ ಆನ್ ಮಾಡ್ಕೊಡಿ ಅಂದ್ರೆ, 'ಇಲ್ಲ ಸಾರ್ ನಾವೀಗ ಎಂಪೆಗ್-4, ನಿಮ್ದು ಎಂಪೆಗ್-2' ಅಂದ್ರು. ಎಂಪೆಗ್ ಅಂದ್ರೆ ಚಿತ್ರನ ಕುಗ್ಗಿಸಿ ಕಳಿಸೋ ವಿಧಾನ, 2ರ ಬಾಕ್ಸಿಗೆ 4ನ್ನ ಬಿಚ್ಚೋಕೆ ಬರಲ್ಲ. ಹಂಗೆ ಬಂದಿದ್ದು ನಾಲ್ಕನೇದು, 1,500 ಕೊಟ್ಟೆ, ಅದು ಡೆಪಾಸಿಟ್ಟೋ ಬೆಲೆಯೋ ಇವತ್ತಿಗೂ ಗೊತ್ತಿಲ್ಲ. ಅದೇ ಈಗ ಕೆಪಾಸಿಟರ್ ಹಾಕಿ ಬದುಕಿಸಿರೋದು, ಬದುಕಿದ್ರೂ ಸತ್ತಿರೋದು.

ಹೊಸ ಬಾಕ್ಸೇ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಂಗೆ ಓದ್ಕೋಬೇಡಿ. ಎಂಪೆಗ್-4ಗೆ ಹೋಗಿದ್ದು ಸರಿಯಾಗೇ ಇದೆ. ಅನಲಾಗ್ ಕಾಲದಲ್ಲಿ, ಅಂದ್ರೆ ಡಿಜಿಟಲ್ ಆಗೋ ಮುಂಚೆ, ಒಂದು ಚಾನೆಲ್ಲಿಗೆ ಏಳೆಂಟು ಮೆಗಾಹರ್ಟ್ಸ್ ಜಾಗ ಬೇಕಿತ್ತು, ಡಿಜಿಟಲ್ ಎಂಪೆಗ್-2 ಬಂದ್ಮೇಲೆ ಅದೇ ಜಾಗದಲ್ಲಿ ಹತ್ತು ಚಿಲ್ಲರೆ ಚಾನೆಲ್ ಕೂರ್ತು, ಎಂಪೆಗ್-4ರಲ್ಲಿ ಹೆಚ್ಚುಕಮ್ಮಿ ಅದರ ಎರಡರಷ್ಟು. ಎಚ್‌ಡಿ ಕೊಡೋಕೆ ಜಾಗ ಸಿಕ್ಕಿದ್ದೇ ಹಂಗೆ. ಮತ್ತೆ ಎಷ್ಟೋ ಮನೇಲಿ ನೋಡಿದೀನಿ, 43 ಇಂಚಿನ ಟಿವಿ ತಂದು ಗೋಡೆಗೆ ಹಾಕಿರ್ತಾರೆ, ಅದಕ್ಕೆ ಹತ್ತು ವರ್ಷದ ಹಳೇ ಬಾಕ್ಸು, ಕೆಂಪು ಬಿಳಿ ಹಳದಿ ಮೂರು ಪಿನ್ನಿನ ವೈರು, ಚಿತ್ರ ಎಳೆದು ಅಗಲ ಆಗಿ ವಾರ್ತೆ ಓದೋಳ ಮುಖ ಕುಂಬಳಕಾಯಿ ಥರ ಇರತ್ತೆ, ಕೇಳಿದ್ರೆ ಟಿವಿನೇ ಸರಿ ಇಲ್ಲ ಅಂತ ಕಂಪನಿಗೆ ಬೈತಿರ್ತಾರೆ. ಅಂಥೋರು ಖಂಡಿತ ಬದಲಾಯಿಸಿ. ಆದ್ರೆ ಎಚ್‌ಡಿ ಬಾಕ್ಸ್ ತಗೊಂಡು ಎಚ್‌ಡಿಎಂಐ ವೈರ್ ಹಾಕ್ದೆ ಮತ್ತೆ ಅದೇ ಮೂರು ಪಿನ್ ಚುಚ್ಚಿದ್ರೆ 1,800 ನೀರಿಗೆ ಹಾಕ್ದಂಗೆ. ಪ್ಯಾಕಲ್ಲಿ ಎಚ್‌ಡಿ ಚಾನೆಲ್ ಇಲ್ದಿದ್ರೂ ಅಷ್ಟೇ.

ಇನ್ನೊಂದು, ಇದು ಮನೆಯೋರಿಗೆ. ಬಾಕ್ಸ್ ಡೆಡ್ ಅಂದ ತಕ್ಷಣ ನಂಬಬೇಡಿ. ಮೊದಲು ಅಡಾಪ್ಟರ್ ನೋಡಿ, ಬಹಳಷ್ಟು ಡೆಡ್ ಬಾಕ್ಸ್‌ಗಳಲ್ಲಿ ಸತ್ತಿರೋದು ಅಡಾಪ್ಟರ್ರೇ, ಅದ್ರ ಮೇಲೆ 12 ವೋಲ್ಟ್ ಇಷ್ಟು ಆಂಪ್ಸ್ ಅಂತ ಬರೆದಿರತ್ತೆ, ಅದೇ ವೋಲ್ಟಿನ, ಅಷ್ಟೇ ಅಥವಾ ಜಾಸ್ತಿ ಆಂಪ್ಸಿನ ಇನ್ನೊಂದು ಹಾಕಿ ನೋಡಿ, ಪಿನ್ ಒಂದೇ ಥರ ಇರ್ಬೇಕು. ಚಿತ್ರ ಒಡೆದೊಡೆದು ಬರ್ತಿದ್ರೆ ಬಹಳಷ್ಟು ಸಲ ಬಾಕ್ಸ್ ತಪ್ಪಲ್ಲ, ವೈರಿನ ತುದೀಲಿ ತಿರುಗಿಸೋ ಕನೆಕ್ಟರ್ ಒಳಗೆ ತಾಮ್ರ ತುಕ್ಕು ಹಿಡಿದು ಹಸಿರಾಗಿರತ್ತೆ, ಅದನ್ನ ಕತ್ತರಿಸಿ ಹೊಸದಾಗಿ ಹಾಕಿದ್ರೆ ಮುಗೀತು. ಇಷ್ಟೆಲ್ಲ ನೋಡಿ ಆಮೇಲೂ ಏಳ್ಲಿಲ್ಲ ಅಂದ್ರೆ ಹೊಸದು ಹಾಕಿಸ್ಕೊಳ್ಳಿ.

ಈಗ ನಿಮಗೆ ಹೇಳ್ಬೇಕಾದ್ದು ಸಾರ್. ನಾಲ್ಕು ಡಬ್ಬದಲ್ಲಿ ಒಂದೂ ಹಳೇದಾಗಿ ಸತ್ತಿದ್ದಲ್ಲ. ಒಂದು ಜಗಳಕ್ಕೆ ಹೋಯ್ತು, ಒಂದು ಕಂಪನಿ ಬಿಟ್ಟಿದ್ದಕ್ಕೆ ಹೋಯ್ತು, ಒಂದು ಮಾತ್ರ ತಂತ್ರಜ್ಞಾನ ಬದಲಾಗಿದ್ದಕ್ಕೆ ಹೋಯ್ತು, ಒಪ್ಪಿದೆ, ಇನ್ನೊಂದು ಸಿಸ್ಟಂನಲ್ಲಿ ಸತ್ತಿದೆ. ನಾನು ದುಡ್ಡು ಕೊಟ್ಟು ತಂದಿದ್ದು, ನನ್ನ ಮನೇಲಿದೆ, ನನ್ನ ಕರೆಂಟಲ್ಲಿ ಓಡತ್ತೆ, ಆದ್ರೆ ನಂದಲ್ಲ. ಇದೆಂಥ ವ್ಯಾಪಾರ?

ನೀವೇನೂ ಸುಮ್ನೆ ಕೂತಿರ್ಲಿಲ್ಲ, ಅದನ್ನೂ ಹೇಳ್ತೀನಿ. 2020ರ ಏಪ್ರಿಲ್ 11ಕ್ಕೆ ಟ್ರಾಯೇ ಶಿಫಾರಸು ಮಾಡಿತ್ತು, ಒಂದು ಕೇಬಲ್ ಕಂಪನಿ ಬಾಕ್ಸ್ ಇನ್ನೊಂದು ಕೇಬಲ್ ಕಂಪನಿಗೆ, ಒಂದು ಡಿಶ್ಶಿಂದು ಇನ್ನೊಂದು ಡಿಶ್ಶಿಗೆ ಹೊಂದೋ ಹಂಗಿರ್ಬೇಕು, ಅದನ್ನ ಕಡ್ಡಾಯ ಮಾಡಿ ಅಂತ. ಅದ್ರಲ್ಲಿ ದಾರೀನೂ ಹೇಳಿದ್ರಿ. ಪೆನ್‌ಡ್ರೈವ್ ಥರ ಯುಎಸ್‌ಬಿಗೆ ಚುಚ್ಚೋ ಒಂದು ಸಣ್ಣ ಮಾಡ್ಯೂಲ್, ದುಡ್ಡು ಕಟ್ಟಿದೋರಿಗೆ ಮಾತ್ರ ಚಾನೆಲ್ ತೆರೆಯೋ ಕಂಪನಿಯ ಬೀಗ ಎಲ್ಲಾ ಅದ್ರೊಳಗೇ, ಬಾಕ್ಸ್ ಮಾತ್ರ ಗ್ರಾಹಕರದ್ದು. ಹೊಸ ಡಿಜಿಟಲ್ ಟಿವಿಗಳಲ್ಲೂ ಆ ಮಾಡ್ಯೂಲ್ ಹಾಕೋ ಜಾಗ ಇರ್ಬೇಕು ಅಂತ ಹೇಳಿದ್ರಿ, ಅಂದ್ರೆ ಬಾಕ್ಸೇ ಬೇಕಿಲ್ಲ, ಮಾಡ್ಯೂಲ್ ಸಾಕು. ಅದು ಲಾಕ್‌ಡೌನ್ ಟೈಮು, ಮನೇಲಿ ಕೂತಿದ್ದೆ, ಮೊಬೈಲಲ್ಲಿ ಓದಿ ನನ್ನ ಹೆಂಡ್ತಿಗೆ ಹೇಳ್ದೆ, ಇನ್ನು ಒಂದೆರಡು ವರ್ಷದಲ್ಲಿ ನೋಡು ಬಾಕ್ಸ್ ಸಮಸ್ಯೆ ಮುಗೀತು ಅಂತ. ಅವಳು ಈಗ ನನ್ನ ಆ ಮಾತು ಎತ್ತಿ ಎತ್ತಿ ಆಡ್ಕೋತಾಳೆ.

ಡಿಶ್ಶಿನ ವಿಷಯ ಇನ್ನೂ ಹಳೇದು. 2001ರಲ್ಲಿ ಡಿಟಿಎಚ್‌ಗೆ ಲೈಸೆನ್ಸ್ ಕೊಡೋ ಷರತ್ತು ಮಾಡಿದಾಗ್ಲೇ ಬಾಕ್ಸ್ ಒಬ್ಬರದ್ದು ಇನ್ನೊಬ್ಬರಿಗೆ ಆಗೋ ಥರ ಇರ್ಬೇಕು ಅಂತ ಸರ್ಕಾರವೇ ಬರೆದಿತ್ತು. ನನ್ನ 2019ರ ಡಿಶ್ ಬಾಕ್ಸ್ ಆ ಷರತ್ತಿಗಿಂತ 18 ವರ್ಷ ಚಿಕ್ಕದು, ಅದಕ್ಕೆ ಆ ವಿಷಯ ಯಾರೂ ಹೇಳ್ಕೊಟ್ಟಿಲ್ಲ ಅನ್ಸತ್ತೆ.

ಆಗಲ್ಲ ಅನ್ನೋರಿಗೆ ಎರಡು ಮಾತು. ಮೊಬೈಲ್ ನಂಬರ್ ಉಳಿಸ್ಕೊಂಡು ಕಂಪನಿ ಬದಲಾಯಿಸೋದು 2011ರ ಜನವರೀಲಿ ದೇಶಕ್ಕೆಲ್ಲ ಬಂತು, ಅದನ್ನ ಜಾರಿ ಮಾಡಿಸಿದ್ದೂ ನೀವೇ, ಈಗ ನಮ್ಮ ಹಾಲಿನೋನು ಕೂಡ ವರ್ಷಕ್ಕೊಂದ್ಸಲ ಪೋರ್ಟ್ ಮಾಡ್ತಾನೆ, ಫೋನ್ ಬದಲಾಯಿಸ್ತಾನಾ? ಸಿಮ್ ಮಾತ್ರ. ಯುರೋಪಿನಲ್ಲಿ 30 ಸೆಂಟಿಮೀಟರ್‌ಗಿಂತ ದೊಡ್ಡ ಡಿಜಿಟಲ್ ಟಿವಿಗೆ ಇಂಥ ಮಾಡ್ಯೂಲ್ ಹಾಕೋ ಜಾಗ ಇರ್ಲೇಬೇಕು ಅಂತ ಕಾನೂನೇ ಇದೆ. ಅಷ್ಟು ದೂರ ಯಾಕೆ, ನಮ್ಮ ಡಿಡಿ ಫ್ರೀ ಡಿಶ್ ನೋಡಿ, 2004ರಲ್ಲಿ ಶುರುವಾಗಿದ್ದು, ತಿಂಗಳ ದುಡ್ಡಿಲ್ಲ, ಬೀಗ ಹಾಕ್ದೇ ಇರೋ ಅದರ ಎಂಪೆಗ್-2 ಚಾನೆಲ್‌ಗಳಿಗೆ ಯಾವ ಅಂಗಡೀಲಿ ಯಾವ ಕಂಪನಿ ಬಾಕ್ಸ್ ತಂದ್ರೂ ಆಗತ್ತೆ. ಬೀಗ ಇಲ್ದಿರೋದಕ್ಕೆ ಆಗತ್ತೆ, ಪೇ ಚಾನೆಲ್ಲಿಗೆ ಬೀಗ ಬೇಕು, ಇಲ್ದಿದ್ರೆ ಕದೀತಾರೆ ಅಂತಾರೆ ಕಂಪನಿಯೋರು. ಬೇಕು ಸಾರ್, ಯಾರು ಬೇಡ ಅಂದ್ರು, ಬೀಗ ಆ ಮಾಡ್ಯೂಲಲ್ಲಿರ್ಲಿ. ಬೀಗ ಹಾಕೋಕೆ ಅಂತ ಮನೇನೇ ಹೊಸದು ಕಟ್ಟಿಸ್ತಾರೇನು?

ಒಂದು ಅಧಿಕಪ್ರಸಂಗ. 1935ರಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ಇದೇ ಮೈಸೂರಲ್ಲಿ ತಮ್ಮ ಮನೇಲೇ ರೇಡಿಯೋ ಕೇಂದ್ರ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ದೇಶಕ್ಕೆ ಹೋಗಿದ್ದು ಇಲ್ಲಿಂದ. ಅವತ್ತು ಯಾರ ಮನೇಲಿ ಯಾವ ಕಂಪನಿ ರೇಡಿಯೋ ಇದೆ ಅಂತ ಅವರು ಕೇಳಿರ್ಲಾರರು. ನನ್ನ ಅಂಗಡೀಲಿ ವಾಲ್ವ್ ರೇಡಿಯೋನೂ ರಿಪೇರಿ ಮಾಡಿದೀನಿ, ಎಂಥ ಹಳೇ ಸೆಟ್ಟಾದ್ರೂ ವಾಲ್ವ್ ಸಿಕ್ಕಿದ್ರೆ ಸಾಕು, ಸ್ಟೇಷನ್ ಹಿಡಿಯೋದು.

ಈಗ ಅಮ್ಮನ ವಿಷಯ. ಅಮ್ಮನಿಗೆ 76. ಓದೋಕೆ ಕನ್ನಡಕ ಬೇಕು, ಸ್ಕ್ರೀನ್ ಮೇಲಿನ ಇಂಗ್ಲಿಷ್ ಮೆನು ಅರ್ಥ ಆಗಲ್ಲ, ಅವರದ್ದೆಲ್ಲ ನಂಬರ್ರು. ಟಿವಿ ಪಕ್ಕದ ಗೋಡೆಗೆ ಒಂದು ಕ್ಯಾಲೆಂಡರ್ ಹಾಳೆ ತಿರುಗಿಸಿ ಅಂಟಿಸಿದಾರೆ, ಅದ್ರ ಮೇಲೆ ನೀಲಿ ಪೆನ್ನಲ್ಲಿ ಚಂದನ ಇಷ್ಟು, ವಾರ್ತೆ ಇಷ್ಟು, ಹಳೇ ಸಿನಿಮಾದ್ದು ಇಷ್ಟು, ದೇವರದ್ದು ಇಷ್ಟು ಅಂತ ಗುಂಡು ಗುಂಡಾಗಿ ಬರ್ಕೊಂಡಿದಾರೆ. ಒಂದೊಂದು ಬಾಕ್ಸ್ ಬಂದಾಗ್ಲೂ ಹಳೇ ನಂಬರ್ ಹೊಡೆದು ಪಕ್ಕದಲ್ಲಿ ಹೊಸದು ಬರೀತಾರೆ. ಚಂದನದ ಮುಂದೆ ನಾಲ್ಕು ಸಲ ಹೊಡೆದಿದೆ. ಮೊನ್ನೆ ಸಂಜೆ ಮುಖ ಸಪ್ಪಗಿದ್ದಿದ್ದು ಇದಕ್ಕೇ, ಹೊಸ ಬಾಕ್ಸಲ್ಲಿ ಚಂದನ ಸಿಗ್ಲಿಲ್ಲ, ಹುಡುಗನ್ನ ಕೇಳೋ ಹೊತ್ತಿಗೆ ಅವನು ಹೋಗಾಗಿತ್ತು. ಹಾಳೇಲಿ ಜಾಗ ಇಲ್ಲ ಕಣಪ್ಪ, ಬೇರೆ ಹಾಳೆ ಅಂಟಿಸ್ಕೊಡು ಅಂದ್ರು. ಈ ಹೊಸ ಬಾಕ್ಸಲ್ಲಿ ರೆಕಾರ್ಡಿಂಗ್ ಇದೆ, ಇಂಟರ್‌ನೆಟ್ ಚುಚ್ಚಿದ್ರೆ ಯೂಟ್ಯೂಬೂ ಬರತ್ತಂತೆ, ರಿಮೋಟಲ್ಲಿ 48 ಬಟನ್ ಇದೆ ನಾನು ಎಣಿಸಿದೀನಿ, ಅಮ್ಮನಿಗೆ ಬೇಕಿರೋದು ಹನ್ನೆರಡು.

ಹಾಗಾಗಿ ನಾನು ಕೇಳೋದು ದೊಡ್ಡದೇನಲ್ಲ. ಸಚಿವಾಲಯದೋರೇ, 2020ರ ಶಿಫಾರಸನ್ನ ದಯವಿಟ್ಟು ಕಪಾಟಿಂದ ಆಚೆ ತೆಗೀರಿ. ಆಗತ್ತೋ ಇಲ್ವೋ ಒಂದು ಹೇಳಿ, ಆಗತ್ತೆ ಅಂದ್ರೆ ತಾರೀಖು ಹೇಳಿ. ಡಿಜಿಟಲ್ ಮಾಡುವಾಗ ನಮಗೆ ತಾರೀಖು ಕೊಟ್ರಲ್ಲ, ಮಾರ್ಚ್ 31 ಆದ್ಮೇಲೆ ಟಿವಿ ಬರಲ್ಲ ಅಂತ, ಆ ಥರದ ತಾರೀಖು ಒಂದ್ಸಲ ಕಂಪನಿಗಳಿಗೂ ಕೊಡಿ.

ಟ್ರಾಯ್‌ನೋರು ಅದಾಗೋ ತನಕ ಒಂದು ಕೆಲಸ ಮಾಡ್ಬೋದು. ಬಾಕ್ಸ್ ಬದಲಾಯಿಸಿದಾಗೆಲ್ಲ ಒಂದು ಕಾಗದ. ಹೊಸ ಕನೆಕ್ಷನ್‌ಗೆ ಅರ್ಜಿ ಫಾರಂ ತುಂಬಿಸ್ಕೊಂಡು ಕಾಪಿ ಕೊಡ್ಬೇಕು ಅಂತ ನಿಮ್ಮ ನಿಯಮದಲ್ಲೇ ಇದೆ, ನಮ್ಮ ಬೀದೀಲಿ ಆ ಕಾಪಿ ಕಂಡೋರು ನಂಗೆ ಸಿಕ್ಕಿಲ್ಲ. ಬದಲಾಯಿಸುವಾಗ್ಲೂ ಅದೇ ಥರ, ಈ ಬಾಕ್ಸ್ ಮಾರಿದ್ದೋ ಬಾಡಿಗೇಗೋ, ಎಷ್ಟು ತಗೊಂಡ್ರು, ಗ್ಯಾರಂಟಿ ಎಷ್ಟು ದಿನ, ಹಳೇದನ್ನ ಯಾರು ತಗೊಂಡೋದ್ರು, ಹಳೇ ಪ್ಯಾಕಲ್ಲಿ ಉಳಿದಿದ್ದ ದಿನ ಹೊಸದಕ್ಕೆ ಬಂತಾ. ನಂದು 19 ದಿನ ಉಳಿದಿತ್ತು, ಹೋಯ್ತು. ಮೊದಲು ಇನ್‌ಸ್ಟಾಲೇಷನ್‌ಗೆ 350, ಆಕ್ಟಿವೇಷನ್‌ಗೆ 100 ಅಂತಾದ್ರೂ ಮಿತಿ ಇತ್ತು, 2024ರ ಜುಲೈನಲ್ಲಿ ಅದನ್ನೂ ತೆಗೆದು ಕಂಪನಿಗಳಿಗೇ ಬಿಟ್ರಿ, ಪೈಪೋಟಿ ಇದೆ ಅಂತ. ಬಾಕ್ಸ್ ಬೇರೆ ಕಡೆ ಓಡಲ್ಲ ಅಂದ್ಮೇಲೆ ಪೈಪೋಟಿ ಎಲ್ಲಿಂದ ಬರತ್ತೆ ಸಾರ್, ಬಿಟ್ಟು ಹೋಗ್ಬೇಕಾದ್ರೆ ಮತ್ತೆ 1,800.

ಆಮೇಲೆ ಕಂಪನಿಗಳ ಜಗಳಕ್ಕೆ, ಕಂಪನಿಯ ತಂತ್ರಜ್ಞಾನಕ್ಕೆ ಬಾಕ್ಸ್ ಬದಲಾಗಿದ್ರೆ ಗ್ರಾಹಕರ ಹತ್ರ ಒಂದು ರೂಪಾಯಿ ಇಸ್ಕೋಬಾರ್ದು. ಮತ್ತೆ ರಿಪೇರಿಯಾಗಿ ಎದ್ದಿರೋ ಬಾಕ್ಸ್‌ನ ನಂಬರ್ ಕೊಟ್ರೆ ಮತ್ತೆ ಆನ್ ಮಾಡ್ಕೊಡ್ಬೇಕು, ಅದು ಕಂಪ್ಯೂಟರಲ್ಲಿ ಎರಡು ಕ್ಲಿಕ್ಕಿನ ಕೆಲಸ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಮೈಸೂರಲ್ಲಿ ನನ್ನಂಥ ಕೈ ಖಾಲಿ ಇರೋ ಮೆಕ್ಯಾನಿಕ್ಕುಗಳು ಇನ್ನೂ ಇದೀವಿ.

ಕೊನೇದಾಗಿ ಆ ನಾಲ್ಕು ಡಬ್ಬ. ಇ-ವೇಸ್ಟ್‌ನ ಹಸಿ ಕಸ ಒಣ ಕಸದ ಗಾಡಿಗೆ ಹಾಕ್ಬಾರ್ದು ಅಂತ ನಮ್ಮ ಪಾಲಿಕೆಯೋರು ಹೇಳ್ತಾರೆ, ಸರಿಯಾಗೇ ಹೇಳ್ತಾರೆ, ಗುಜರಿಯೋನಿಗೆ ಕೊಟ್ರೆ ತಾಮ್ರ ಕಿತ್ಕೊಂಡು ಮಿಕ್ಕಿದ್ದಕ್ಕೆ ಬೆಂಕಿ ಇಡ್ತಾನೆ, ಅದನ್ನ ಕಣ್ಣಾರೆ ನೋಡಿದೀನಿ, ಹಾಗಾಗಿ ಕೊಟ್ಟಿಲ್ಲ. ಕೇಬಲ್‌ನೋರನ್ನ ಕೇಳಿದ್ರೆ ನೀವೇ ಇಟ್ಕೊಳ್ಳಿ ಸಾರ್ ಅಂತಾರೆ. ಮಾರಿದ್ದು ಅಂತಾದ್ರೆ ಆನ್ ಮಾಡ್ಕೊಡಿ, ಬಾಡಿಗೇದು ಅಂತಾದ್ರೆ ಬಂದು ತಗೊಂಡೋಗಿ ನನ್ನ ಡೆಪಾಸಿಟ್ ಕೊಡಿ. ಭಾನುವಾರ ಇಡೀ ದಿನ ಮನೇಲಿರ್ತೀನಿ. ಏಣಿ ನಮ್ಮ ಮನೇಲೇ ಇದೆ, ಬರೋರು ರಸೀದಿ ಪುಸ್ತಕ ಮಾತ್ರ ತರ್ಲಿ.

ಇತಿ,
ಚಾಮುಂಡಿಪುರಂನ ಒಬ್ಬ ಹಳೇ ಟಿವಿ ಮೆಕ್ಯಾನಿಕ್